ನಡುಪುಟದ ಮಾತು

ಪುಸ್ತಕಪ್ರಿಯರಿಬ್ಬರು ಎದುರಾದಾಗ ಕುಶಲ ವಿಚಾರಿಸಿದ ಬೆನ್ನಿಗೇ ಬರುವ ‘ಈಗ ಏನು ಓದುತ್ತಿದ್ದೀರಿ?’ ಎಂಬ ಪ್ರಶ್ನೆ ಮೇಲುನೋಟಕ್ಕೆ ಸರಳವಾಗಿ ಕಂಡರೂ, ಅದಕ್ಕೆ ದೊರೆಯುವ ಉತ್ತರಗಳಲ್ಲಿ ಬಹುಪಾಲು ಆ ಪ್ರಶ್ನೆಗೆ ಸಲ್ಲುವಂಥವಲ್ಲ. ಕೇಳಿದವರು ಈ ಹೊತ್ತಿನ ಓದನ್ನು ಕುರಿತು ಕೇಳಿದ್ದರೆ, ಹೇಳುವವರು ಹೋದ ತಿಂಗಳು ಮುಗಿಸಿದ ಪುಸ್ತಕದ ಹೆಸರನ್ನು ಹೇಳುತ್ತಾರೆ. ಇಲ್ಲವೇ ಪುಸ್ತಕಮೇಳದಲ್ಲಿ ಕೊಂಡುತಂದು, ಮೊದಲ ಪುಟದಲ್ಲಿ ತಮ್ಮ ಹೆಸರನ್ನೂ ತಾರೀಖನ್ನೂ ಬರೆದು, ಮುಂದಿನ ರಜೆಗೆಂದು ಕಪಾಟಿನಲ್ಲಿ ಇರಿಸಿರುವ ಗ್ರಂಥದ ಹೆಸರನ್ನು ಹೇಳುತ್ತಾರೆ. ವರ್ಷದ ಕೊನೆಯಲ್ಲಂತೂ ಓದಿ ಮುಗಿಸಿದ ಪುಸ್ತಕಗಳ ಪಟ್ಟಿಗಳು ಹೊರಬೀಳುತ್ತವೆ. ಮುಖಪುಟಗಳನ್ನು ಸಾಲಾಗಿ ಜೋಡಿಸಿ ತೆಗೆದ ಚಿತ್ರಗಳೂ ಒಟ್ಟು ಎಷ್ಟಾಯಿತೆಂಬ ಲೆಕ್ಕವೂ ಅವುಗಳ ಜೊತೆಗಿರುತ್ತವೆ. ಆ ಸಂತೋಷ ಪ್ರಾಮಾಣಿಕವಾದದ್ದು, ಅದನ್ನು ಹಳಿಯಲು ಕಾರಣವಿಲ್ಲ. ಆದರೆ ಇಷ್ಟೆಲ್ಲದರ ನಡುವೆ ಮರೆಗೆ ಸರಿದುಬಿಡುವುದು, ಮಂಚದ ಪಕ್ಕದಲ್ಲಿ ಬೋರಲಾಗಿ ಬಿದ್ದಿರುವ, ಅರ್ಧ ಓದಿದ, ನಿಜವಾಗಿ ಈಗ ಓದುತ್ತಿರುವ ಪುಸ್ತಕವೇ.

ಅರ್ಧ ಓದಿದ ಪುಸ್ತಕದ ಹೆಸರನ್ನು ಹೇಳಲು ಓದುಗರಿಗೆ ಸಂಕೋಚ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಮಳೆಗಾಲದಲ್ಲಿ ಹಿಡಿದು, ಚಳಿಗಾಲ ಬಂದರೂ ಗುತ್ತಿ ಮತ್ತು ಅವನ ನಾಯಿ ಹುಲಿಯನ ಸಂಗಡ ಕಾಡುದಾರಿಯಲ್ಲೇ ಇರುವವರು ಕನ್ನಡದಲ್ಲಿ ಕಡಿಮೆ ಇಲ್ಲ. ಪಾತ್ರಗಳ ನಂಟಸ್ತಿಕೆ ನೆನಪಿರಲೆಂದು ಕೆಲವರು ಕೊನೆಯ ಖಾಲಿ ಹಾಳೆಯಲ್ಲಿ ವಂಶವೃಕ್ಷವನ್ನೂ ಬರೆದುಕೊಂಡಿರುತ್ತಾರೆ. ಅಂಥವರನ್ನು ಕೇಳಿದರೆ ‘ಅದು ಇನ್ನೂ ನಡೆಯುತ್ತಿದೆ’ ಎಂದು ದನಿ ತಗ್ಗಿಸಿ ಹೇಳಿ, ಕೂಡಲೇ ತಾವು ಹಿಂದೆಂದೋ ಪೂರ್ತಿಮಾಡಿದ ಬೇರೊಂದು ಕೃತಿಯತ್ತ ಮಾತನ್ನು ತಿರುಗಿಸುತ್ತಾರೆ. ಅವಸರವಿಲ್ಲದೆ ನಡೆಯಬೇಕಾದ ಕಾಡಿನಲ್ಲಿ ಅವಸರವಿಲ್ಲದೆ ನಡೆಯುತ್ತಿರುವವರು ತಪ್ಪೊಪ್ಪಿಕೊಳ್ಳುವವರಂತೆ ಮಾತನಾಡುವುದೇಕೆ?

ಓದಿ ಮುಗಿಸಿದವರಲ್ಲಿ ತೀರ್ಪು ಇರುತ್ತದೆ; ಓದುತ್ತಿರುವವರಲ್ಲಿ ಪುಸ್ತಕವೇ ಇರುತ್ತದೆ. ಎಸ್. ಎಲ್. ಭೈರಪ್ಪನವರ ‘ಪರ್ವ’ವನ್ನು (1979) ಮುಗಿಸಿದವರು ಅದನ್ನು ಮಹಾಭಾರತದಿಂದ ಪವಾಡಗಳನ್ನು ತೆಗೆದು ಮನುಷ್ಯರ ಕಥೆಯಾಗಿ ಕಟ್ಟಿದ ಕಾದಂಬರಿಯೆಂದು ಒಂದು ವಾಕ್ಯದಲ್ಲಿ ಹೇಳಿಬಿಡಬಲ್ಲರು, ಆ ವಾಕ್ಯದಲ್ಲಿ ದೋಷವೂ ಇಲ್ಲ. ಆದರೆ ಮೊದಲ ಅಧ್ಯಾಯದಲ್ಲಿಯೇ ಇರುವವರಿಗೆ ಕಾಣಿಸುವುದು ಮದ್ರದೇಶದ ಮುದುಕ ಶಲ್ಯ, ಮನೆಯಲ್ಲಿ ಬೆಳೆದು ನಿಂತ ಮೊಮ್ಮಗಳು, ಆ ದೇಶದ ಪದ್ಧತಿಯಾದ ಕನ್ಯಾಶುಲ್ಕ, ಅಂದರೆ ಹೆಣ್ಣಿನ ಕಡೆಯವರು ಗಂಡಿನ ಕಡೆಯಿಂದ ಪಡೆಯುವ ತೆರ, ಅದರ ಸುತ್ತಲಿನ ಮಾತುಕತೆ. ಇಷ್ಟು ದೊಡ್ಡ ಯುದ್ಧದ ಕಥೆ ಒಂದು ಮನೆಯ ಮದುವೆಯ ಚಿಂತೆಯಿಂದ ಏಕೆ ಹೊರಟಿದೆ ಎಂದು ಬೆರಗಾಗುವ ಹಕ್ಕು ಅಲ್ಲಿ ನಿಂತಿರುವವರಿಗೆ ಮಾತ್ರ ಉಂಟು. ಮುಂದಿನ ನೂರಾರು ಪುಟಗಳು ಆ ಬೆರಗಿನ ಮೇಲೆ ಹಾದುಹೋದಮೇಲೆ ಅದನ್ನು ಮತ್ತೆ ತರಿಸಿಕೊಳ್ಳುವುದು ಸಾಧ್ಯವಿಲ್ಲ. ಆದ್ದರಿಂದ ಅದನ್ನು ಇನ್ನೊಬ್ಬರಿಗೆ ಹೇಳಬೇಕಾದದ್ದು ಆಗಲೇ.

ಈ ಸಂಕೋಚ ಕನ್ನಡನಾಡಿಗೆ ಹಳೆಯದಲ್ಲ. ಯಾರು ಯಾವ ಪುಸ್ತಕವನ್ನು ಎಲ್ಲಿಯವರೆಗೆ ಓದಿದ್ದಾರೆ ಎಂಬುದು ಊರಿಗೆಲ್ಲ ತಿಳಿದಿದ್ದ ಕಾಲವೊಂದಿತ್ತು, ಏಕೆಂದರೆ ಆಗ ಓದು ನಡೆಯುತ್ತಿದ್ದದ್ದು ಗಟ್ಟಿಯಾಗಿ, ದೇವಸ್ಥಾನದ ಪ್ರಾಂಗಣದಲ್ಲಿ, ಮಠದಲ್ಲಿ, ಮನೆಯ ಜಗಲಿಯ ಮೇಲೆ. ಕಾವ್ಯವನ್ನು ತಾಳದ ಕಟ್ಟಿಗೆ ಒಳಪಡಿಸದೆ, ಭಾವಕ್ಕೆ ಒಪ್ಪುವ ರಾಗಗಳಲ್ಲಿ, ಅರ್ಥ ಕೆಡದಂತೆ ಪದಗಳನ್ನು ಬಿಡಿಸಿ ಹಾಡುವಂತೆ ಓದುವ ಈ ಕಲೆಗೆ ಗಮಕವೆಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ: ಪದ್ಯವನ್ನು ಓದುವ ವಾಚನಕಾರರು, ಓದಿದ್ದನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರರು. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’, ಲಕ್ಷ್ಮೀಶನ ‘ಜೈಮಿನಿ ಭಾರತ’, ಕುಮಾರವಾಲ್ಮೀಕಿಯ ‘ತೊರವೆ ರಾಮಾಯಣ’, ಚಾಮರಸನ ‘ಪ್ರಭುಲಿಂಗಲೀಲೆ’ ಮುಂತಾದ ಕೃತಿಗಳು ಅಕ್ಷರ ಬಾರದವರ ನಾಲಿಗೆಯ ಮೇಲೂ ನಿಂತದ್ದು ಈ ದಾರಿಯಿಂದಲೇ.

ಈ ಕಾವ್ಯಗಳ ಛಂದಸ್ಸೇ ಸಂಭಾಷಣೆಗೆ ಎಡೆಮಾಡಿಕೊಡುವಂಥದು. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿ ಆರು ಸಾಲುಗಳ ಪದ್ಯ. ಹ್ರಸ್ವಾಕ್ಷರವೊಂದನ್ನು ಉಚ್ಚರಿಸಲು ಬೇಕಾಗುವ ಕಾಲವನ್ನು ಒಂದು ಮಾತ್ರೆಯೆಂದು ಎಣಿಸಿದರೆ, ಅದರ 1, 2, 4 ಮತ್ತು 5ನೆಯ ಸಾಲುಗಳಿಗೆ 14 ಮಾತ್ರೆಗಳು, 3 ಮತ್ತು 6ನೆಯ ಸಾಲುಗಳಿಗೆ 23 ಮಾತ್ರೆಗಳು. ಎರಡು ಗಿಡ್ಡ ಸಾಲುಗಳಲ್ಲಿ ಓಡಿದ ಮಾತು ಮೂರನೆಯ ನೀಳ ಸಾಲಿನಲ್ಲಿ ಸ್ವಲ್ಪ ತಂಗಿ, ಮತ್ತೆ ಓಡಿ, ಆರನೆಯದರಲ್ಲಿ ಪೂರ್ಣವಾಗಿ ನಿಲ್ಲುತ್ತದೆ. ನಿಂತ ಕಡೆ ವ್ಯಾಖ್ಯಾನಕಾರರು ಮಾತು ಎತ್ತಿಕೊಳ್ಳುತ್ತಾರೆ, ಕೇಳುವವರು ತಲೆದೂಗುತ್ತಾರೆ, ಬಲ್ಲ ಹಿರಿಯರೊಬ್ಬರು ‘ಅದಕ್ಕೆ ಇನ್ನೊಂದು ಅರ್ಥವೂ ಆಗುತ್ತದಲ್ಲವೇ’ ಎಂದು ನಡುವೆ ಬಾಯಿ ಹಾಕುತ್ತಾರೆ. ಆರಾರು ಸಾಲಿಗೊಮ್ಮೆ ನಿಂತು ಮಾತನಾಡಲು ಅವಕಾಶವಿರುವ ಇಂಥ ಓದಿನಲ್ಲಿ, ಪುಸ್ತಕ ಮುಗಿದಮೇಲೆ ಅಭಿಪ್ರಾಯ ಹೇಳೋಣವೆಂದು ಯಾರೂ ಕಾಯುತ್ತ ಕೂರಬೇಕಾಗಿರಲಿಲ್ಲ.

ಕಾಯುವಂತೆಯೂ ಇರಲಿಲ್ಲ. ಕುಮಾರವ್ಯಾಸನ ಕಾವ್ಯದಲ್ಲಿ 8,000ಕ್ಕೂ ಹೆಚ್ಚು ಪದ್ಯಗಳಿವೆ. ವ್ಯಾಖ್ಯಾನ ಸಹಿತವಾಗಿ ರಾತ್ರಿಗೆ 40 ಪದ್ಯಗಳಂತೆ ಸಾಗಿದರೂ ಮಂಗಳ ಹಾಡುವ ಹೊತ್ತಿಗೆ 200 ರಾತ್ರಿಗಳು ಕಳೆಯುತ್ತವೆ. ಅಷ್ಟು ಕಾಲವೂ ಕೇಳುಗರೆಲ್ಲ ಒಂದೇ ಪುಸ್ತಕದ ಒಂದೇ ಪುಟದಲ್ಲಿ ಇರುತ್ತಾರೆ. ಜೈಮಿನಿ ಭಾರತದ ಚಂದ್ರಹಾಸನ ಕಥೆಯಲ್ಲಿ, ತನ್ನನ್ನೇ ಕೊಲ್ಲಿಸುವ ಪತ್ರವನ್ನು ತಾನೇ ಹೊತ್ತುತಂದ ಹುಡುಗ ಉದ್ಯಾನದಲ್ಲಿ ನಿದ್ದೆಹೋಗಿದ್ದಾನೆ, ಮಂತ್ರಿಯ ಮಗಳು ವಿಷಯೆ ಅವನ ಬಳಿ ಇರುವ ಪತ್ರವನ್ನು ತೆಗೆದು ನೋಡುತ್ತಿದ್ದಾಳೆ ಎನ್ನುವಲ್ಲಿಗೆ ಅಂದಿನ ವಾಚನ ನಿಂತರೆ, ಮಾರನೆಯ ಬೆಳಗ್ಗೆ ಬಾವಿಕಟ್ಟೆಯಲ್ಲಿ ಯಾವ ಮಾತು ನಡೆದೀತೆಂದು ಬೇರೆ ಹೇಳಬೇಕಾಗಿಲ್ಲ. ವಿಷವನ್ನು ಕೊಡು ಎಂದಿದ್ದ ಓಲೆಯನ್ನು ಅವಳು ವಿಷಯೆಯನ್ನು ಕೊಡು ಎಂದು ತಿದ್ದುವಳೆಂಬುದು ಎಲ್ಲರಿಗೂ ಗೊತ್ತು. ಕಣ್ಣಕಾಡಿಗೆಯಿಂದ ತಿದ್ದಿ ತನ್ನ ಮದುವೆಯನ್ನು ತಾನೇ ಮಾಡಿಕೊಂಡವಳ ಜಾಣತನವನ್ನು ಪ್ರತಿಯೊಬ್ಬರೂ ಮೊದಲೇ ಬಲ್ಲರು. ಗೊತ್ತಿದ್ದೂ ಸಂಜೆಯ ಹೊತ್ತಿಗೆ ಮತ್ತೆ ಬಂದು ಕೂರುತ್ತಾರೆ. ಕಥೆಯ ಕೊನೆಯನ್ನು ದಯವಿಟ್ಟು ಹೇಳಬೇಡಿ ಎಂದು ಇಂದಿನ ಓದುಗರು ಒಬ್ಬರಿಗೊಬ್ಬರು ಕೈಮುಗಿಯುವುದನ್ನು ಆ ಕೇಳುಗರು ಕಂಡಿದ್ದರೆ ಪ್ರೀತಿಯಿಂದ ನಕ್ಕಿರುತ್ತಿದ್ದರು. ಅವರಿಗೆ ಕರ್ಣ ಸಾಯುವನೆಂಬುದು ಹುಟ್ಟಿದಾಗಿನಿಂದ ತಿಳಿದ ಸಂಗತಿ. ಆದರೂ ಕರ್ಣಪರ್ವ ಹತ್ತಿರವಾದಂತೆ ಎದೆ ಭಾರವಾಗುತ್ತಿತ್ತು.

ಮಳೆ ತಡವಾದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸುವುದು ಹಳ್ಳಿಗಳಲ್ಲಿ ರೂಢಿಯಾಗಿತ್ತು. ಅದನ್ನು ಓದಿದರೆ ಮಳೆ ಬರುತ್ತದೆಂಬುದು ನಂಬಿಕೆ. ಹೊಲ ಒಣಗಿ ಬಿರುಕುಬಿಟ್ಟ ದಿನಗಳಲ್ಲಿ ಜನ ಕೂಡಿ ಕುಳಿತು ಕೇಳುತ್ತಿದ್ದದ್ದು, ಅಂತಃಪುರದ ಹೆಂಗಸರ ಮುಂದೆ ಬಡಾಯಿ ಕೊಚ್ಚಿ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ಉತ್ತರಕುಮಾರನ ಪ್ರಸಂಗವನ್ನು. ಕಷ್ಟದ ಕಾಲದಲ್ಲಿ ಒಂದು ಊರು ಒಟ್ಟಾಗಿ ನಗಲೆಂದು ಆರಿಸಿಕೊಂಡ ಪುಸ್ತಕವಿದು ಎಂಬುದು ಸಣ್ಣ ಮಾತಲ್ಲ. ಈ ಪರಂಪರೆ ಇಂದಿಗೂ ಪೂರ್ತಿ ಅಳಿದಿಲ್ಲ. ಶಿವಮೊಗ್ಗದ ಹತ್ತಿರ ತುಂಗಾನದಿಯ ಎರಡು ದಂಡೆಗಳಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿಗಳಲ್ಲಿ ಗಮಕ ಬಾಳಿಕೊಂಡು ಬಂದಿದೆ, ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಆದರೆ ಆ ಜಗಲಿಯ ಮೇಲೆ ಎಲ್ಲರಿಗೂ ಸಮನಾದ ಜಾಗವಿತ್ತೆಂದು ಬರೆದರೆ ಅದು ಸುಳ್ಳಾಗುತ್ತದೆ. ಕೆಲವರು ಮೇಲೆ ಕೂತರು, ಕೆಲವರು ಅಂಗಳದಲ್ಲಿ ನಿಂತರು, ಕೆಲವರಿಗೆ ಅಂಗಳವೂ ದೊರೆಯಲಿಲ್ಲ. ಹೆಂಗಸರು ಬಾಗಿಲ ಹಿಂದಿನಿಂದ ಕೇಳಿಸಿಕೊಂಡರು. ಯಾವ ಪುಸ್ತಕವನ್ನು ಓದಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಮೇಲೆ ಕೂತವರೇ. ಈ ಕಾರಣದಿಂದ ಮೌನದ ಓದನ್ನು, ಒಬ್ಬರೇ ಕೂತು ತಮಗೆ ಬೇಕಾದ್ದನ್ನು ಓದುವ ಹೊಸ ಅಭ್ಯಾಸವನ್ನು, ಬಿಡುಗಡೆಯೆಂದೇ ತಿಳಿಯಬೇಕಾಗುತ್ತದೆ. ಹರ್ಮನ್ ಮೋಗ್ಲಿಂಗ್ 1848ರ ಸುಮಾರಿಗೆ ಮಂಗಳೂರಿನಲ್ಲಿ ಜೈಮಿನಿ ಭಾರತವೇ ಮೊದಲಾದ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ, ಅಂದರೆ ನಯವಾದ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ವಿಧಾನದಲ್ಲಿ, ಹೊರತಂದಾಗ ಪುಸ್ತಕ ಜಗಲಿಯಿಂದ ಇಳಿಯತೊಡಗಿತು. ಮುಂದೆ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದಾಗ ಅದು ಮನೆಯ ಒಳಗೂ ಬಂತು. ತ್ರಿವೇಣಿಯವರ (1928–1963) ಕಾದಂಬರಿಗಳನ್ನು ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಮೈಮರೆತು ಓದಿದ ಹೆಣ್ಣುಮಕ್ಕಳಿಗೆ ತಾವು ಏನು ಓದುತ್ತಿದ್ದೇವೆಂದು ಮನೆಮಂದಿಗೆಲ್ಲ ಸಾರಬೇಕಾದ ಹಂಗು ಇರಲಿಲ್ಲ. ಮಾನಸಿಕ ಬೇನೆಯಿಂದ ನರಳುವ ಹೆಣ್ಣಿನ ಕಥೆಯನ್ನು ಗುಟ್ಟಾಗಿ ಓದುವ ಸ್ವಾತಂತ್ರ್ಯ, ಊರ ನಡುವೆ ಕೂತು ಚಂದ್ರಹಾಸನ ಕಥೆ ಕೇಳುವ ಸಂತೋಷಕ್ಕಿಂತ ಕೆಲವರಿಗೆ ಹೆಚ್ಚು ಬೇಕಾದದ್ದಾಗಿತ್ತು. ಕೇಳಿದಾಗ ಉತ್ತರ ಹೇಳದೆ ನಸುನಕ್ಕು ಸುಮ್ಮನಾಗುವ ಓದುಗರನ್ನು ಒತ್ತಾಯಿಸಬಾರದೆನ್ನುವುದು ಇದಕ್ಕಾಗಿಯೇ.

ಬಿಡುಗಡೆ ಪಡೆದ ಈ ಓದುಗರೂ ನಡುಪುಟದಲ್ಲಿ ಜೊತೆಗಾರರನ್ನು ಹುಡುಕಿಕೊಂಡರು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ನಡೆದ ಪ್ರಕಾಶನ. ಒಂದೇ ಹೊಸ ಪುಸ್ತಕ ಹಲವಾರು ಮನೆಗಳಿಗೆ ಒಟ್ಟಿಗೆ ಅಂಚೆಯಲ್ಲಿ ತಲುಪುತ್ತಿತ್ತು, ಸಾಹಿತಿಗಳು ಬಂದು ಸೇರುತ್ತಿದ್ದ ಅದರ ಅಟ್ಟದ ಮೇಲೆ ಅಚ್ಚಿಗೆ ಹೋಗಬೇಕಾದ ಕೃತಿಗಳ ಮಾತೂ ನಡೆಯುತ್ತಿತ್ತು. 1965ರಲ್ಲಿ ಹುಟ್ಟಿದ ‘ಸುಧಾ’ದಂಥ ವಾರಪತ್ರಿಕೆಗಳ ಧಾರಾವಾಹಿಗಳಂತೂ ಹಳೆಯ ಜಗಲಿಯನ್ನು ಬೇರೆ ರೂಪದಲ್ಲಿ ಮರಳಿ ಕಟ್ಟಿದವು. ಕಂತು ಮುಗಿದ ಕಡೆಗೆ ನಾಡಿನ ಓದುಗರೆಲ್ಲ ನಿಲ್ಲಲೇಬೇಕು. ಮುಂದಿನ ವಾರದವರೆಗೆ ನಾಯಕಿಯ ಗತಿಯೇನೆಂದು ಬಸ್ಸಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಗೋಡೆಯಾಚೆಯ ನೆರೆಮನೆಯವರೊಡನೆ ಚರ್ಚಿಸಲೇಬೇಕು. ಮೊದಲು ಪತ್ರಿಕೆ ಯಾರ ಕೈಗೆ ಸಿಗಬೇಕೆಂಬುದಕ್ಕೆ ಅತ್ತೆ ಸೊಸೆಯರ ನಡುವೆ ನಡೆದ ಪೈಪೋಟಿಯನ್ನು ಕನ್ನಡ ಸಾಹಿತ್ಯಚರಿತ್ರೆ ಇನ್ನೂ ದಾಖಲಿಸಿಲ್ಲ, ದಾಖಲಿಸಬೇಕು.

ದಿನಕ್ಕಿಷ್ಟೆಂದು ಬಾಡಿಗೆ ಪಡೆದು ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಪುಸ್ತಕಗಳಲ್ಲಿ ಈ ಮಾತುಕತೆ ಬರಹದಲ್ಲಿಯೇ ಉಳಿದಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳನ್ನು ಗ್ರಂಥಪಾಲಕರು ಪುಸ್ತಕ ಕೆಡಿಸುವ ಚಾಳಿಯೆಂದು ಬೈದದ್ದುಂಟು, ಬೈದದ್ದು ಅವರ ಕರ್ತವ್ಯವೂ ಹೌದು. ಆದರೂ ಅವುಗಳನ್ನು ಕೂತು ಓದಿದರೆ, ನಾಯಕನ ಮಾತನ್ನು ನಂಬಬೇಡವೆಂದು ನಾಯಕಿಗೇ ನೇರವಾಗಿ ಎಚ್ಚರಿಕೆ ಕೊಟ್ಟವರೂ, ಅದರ ಕೆಳಗೆ ಬೇರೆ ಕೈಬರಹದಲ್ಲಿ ನಾಯಕನ ಪರವಾಗಿ ವಾದಿಸಿದವರೂ, ಇಬ್ಬರಿಗೂ ಸುಮ್ಮನಿರುವಂತೆ ಹೇಳಿ ಮುಂದಿನ ಅಧ್ಯಾಯ ಓದಿರೆಂದು ಬರೆದವರೂ ಸಿಗುತ್ತಾರೆ. ಇವರಲ್ಲಿ ಯಾರೂ ಪುಸ್ತಕ ಮುಗಿಯಲೆಂದು ಕಾದವರಲ್ಲ, ಪಟ್ಟಿ ಬರೆದವರಲ್ಲ, ಬಹುಶಃ ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಹಾಳೆ ಸಡಿಲವಾದ ಪುಸ್ತಕಗಳಿಗೆ ಮರುರಟ್ಟು ಹಾಕಿಸುವಾಗ ಮೂರು ಬದಿಯಲ್ಲೂ ಅಂಚನ್ನು ಕತ್ತರಿಸುವುದರಿಂದ ಈ ವಾಕ್ಯಗಳ ತುದಿಗಳು ತುಂಡಾಗಿಹೋಗಿವೆ. ಹಾಗೆ ತುಂಡಾದ ಮಾತುಗಳಿಗೂ ಮುಂದಿನ ಓದುಗರು ಉತ್ತರ ಬರೆದಿದ್ದಾರೆ.