ಮಸಿ ಕೆರೆಯುವ ಸುಖ

ಭಾನುವಾರದ ಪೂರ್ವಾಹ್ನವನ್ನು ಸಂಗೀತಕ್ಕೋ ನಿದ್ರೆಗೋ ಮೀಸಲಿಡುವ ಸಜ್ಜನರ ವಿಷಯದಲ್ಲಿ ನನಗೆ ಗೌರವವುಂಟು. ಆದರೆ ಇಂಜಿನ್ನಿನ ಒಳಗಣ ಮಸಿಯನ್ನು ಕೆರೆದು ತೆಗೆಯುವ ಸುಖವನ್ನು ಸವಿದವನಿಗೆ ಅವೆರಡೂ ಕೊಂಚ ಸಪ್ಪೆಯೆನಿಸಿದರೆ ಅದು ಅವನ ಅಪರಾಧವೇನಲ್ಲ.

ಈ ವ್ಯಸನ ನನಗಂಟಿದುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಯೆಜ್ಡಿ ಬೈಕಿನಿಂದ. ಪೆಟ್ರೋಲಿನೊಡನೆ ಆಯಿಲನ್ನೂ ಕುಡಿಯುತ್ತಿದ್ದ ಆ ಟೂ ಸ್ಟ್ರೋಕ್ ಗಾಡಿ ಒಂದಷ್ಟನ್ನು ಹೊಗೆಯಾಗಿ ಬೀದಿಗೆ ಹಂಚಿ, ಉಳಿದುದನ್ನು ಪಿಸ್ಟನ್ನಿನ ನೆತ್ತಿಯ ಮೇಲೂ ಸೈಲೆನ್ಸರಿನ ಹೊಟ್ಟೆಯಲ್ಲೂ ಕರಿಯಾಗಿ ಕೂಡಿಡುತ್ತಿತ್ತು. ಆಮೇಲೆ ಬಂದ ಕಾರುಗಳು ನನ್ನನ್ನು ನಿರುದ್ಯೋಗಿಯಾಗಿಸಿದುವು. ಗಾಳಿಯ ಮಾರ್ಗದಲ್ಲಿಯೇ ಪೆಟ್ರೋಲನ್ನು ಸಿಂಪಡಿಸುತ್ತಿದ್ದುದರಿಂದ, ಒಳಗೆ ಹೋಗುವ ಪ್ರತಿಯೊಂದು ಗುಟುಕೂ ವಾಲ್ವಿನ ಬೆನ್ನನ್ನು ತೊಳೆದೇ ಹೋಗುತ್ತಿತ್ತು.

ನನ್ನ ಪುಣ್ಯಕ್ಕೆ ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ವಿಧಾನವನ್ನು ಮರ್ಸಿಡಿಸ್‌ನವರು 1954ರಷ್ಟು ಹಿಂದೆಯೇ ತಮ್ಮ 300 ಎಸ್‌ಎಲ್ ಕಾರಿನಲ್ಲಿ ತೋರಿಸಿದ್ದರು. 1996ರಲ್ಲಿ ಮಿತ್ಸುಬಿಷಿಯವರು ಅದನ್ನು ವಿದ್ಯುನ್ಮಾನದ ಹತೋಟಿಗೆ ತಂದು ಮನೆಮಂದಿಯ ಕಾರಿಗೂ ಅಳವಡಿಸಿದರು. ಇಂಧನ ಉಳಿಯಿತು, ಶಕ್ತಿ ಹೆಚ್ಚಿತು. ವಾಲ್ವಿಗೆ ಮಾತ್ರ ನಿತ್ಯಸ್ನಾನ ತಪ್ಪಿತು. ಇಂಜಿನ್ನಿನ ತಳಭಾಗದಲ್ಲೇಳುವ ಆಯಿಲಿನ ಆವಿಯನ್ನು ಹೊರಗೆ ಬಿಡದೆ ಮರಳಿ ಗಾಳಿಯ ಮಾರ್ಗಕ್ಕೇ ಎಳೆದುಕೊಳ್ಳುವುದು ವಾಯುಮಾಲಿನ್ಯದ ದೃಷ್ಟಿಯಿಂದ ಅನಿವಾರ್ಯವಾದುದರಿಂದ, ಆ ಜಿಡ್ಡು ಕಾದ ವಾಲ್ವಿನ ಮೇಲೆ ಪದರಪದರವಾಗಿ ಕುಳಿತು, ಬೆಂದು, ಗಟ್ಟಿಯಾಗುತ್ತದೆ. ಕೆಲವು ಸಾವಿರ ಮೈಲಿಗಳಲ್ಲಿ ಏನೂ ತಿಳಿಯದು. ವರ್ಷಗಳು ಕಳೆದಂತೆ, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದೊಡನೆ ಗಾಡಿ ನಡುಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ಪು ಕುಗ್ಗುತ್ತದೆ. ಆಗ ಯಾರಾದರೂ ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಸೀಸೆಯೊಂದನ್ನು ಹಿಡಿದು ಬರುವುದು ವಾಡಿಕೆ. ಆ ಔಷಧ ಇಂಜೆಕ್ಟರಿನ ಮೂತಿಯನ್ನು ಶುಚಿಗೊಳಿಸೀತು. ಪೆಟ್ರೋಲೇ ಸುಳಿಯದ ವಾಲ್ವಿನ ಬೆನ್ನನ್ನು ಅದು ಮುಟ್ಟುವುದಾದರೂ ಹೇಗೆ?

ಮುಟ್ಟಬೇಕಾದುದು ಕೈಯಿಂದಲೇ. ಇನ್‌ಟೇಕ್ ಮ್ಯಾನಿಫೋಲ್ಡನ್ನು ಕಳಚಿ, ಬಿಚ್ಚಿದ ಬೋಲ್ಟುಗಳನ್ನು ಕ್ರಮವಾಗಿ ಹಳೆಯ ಪತ್ರಿಕೆಯ ಮೇಲೆ ಜೋಡಿಸಿ, ಟಾರ್ಚು ಹಿಡಿದು ಇಣುಕಿದರೆ, ಆಲೆಮನೆಯ ಕೊಪ್ಪರಿಗೆಯ ತಳಕ್ಕೆ ಸೀದು ಹತ್ತಿದ ಬೆಲ್ಲದಂಥ ಕರಿಯ ಗಂಟುಗಳು ಕಾಣಿಸುತ್ತವೆ. ಕ್ರ್ಯಾಂಕಿನ ಪುಲ್ಲಿಗೆ ಸ್ಪ್ಯಾನರು ಹಾಕಿ ಮೆಲ್ಲಮೆಲ್ಲನೆ ತಿರುಗಿಸುತ್ತ, ಆ ಸಿಲಿಂಡರಿನ ಒಳದಾರಿಯ ವಾಲ್ವುಗಳೆರಡೂ ಭದ್ರವಾಗಿ ಮುಚ್ಚಿಕೊಳ್ಳುವ ಸ್ಥಿತಿಗೆ ತರಬೇಕು. ಇದರಲ್ಲಿ ಅವಸರ ಸಲ್ಲದು. ಕಲ್ಲಿನಂತಹ ಒಂದು ಚೂರು ಕೆಳಗೆ ಜಾರಿದರೂ ಸಿಲಿಂಡರಿನ ಗೋಡೆಗೆ ಗೀರು ಬೀಳಬಹುದು. ಬಳಿಕ ದ್ರಾವಕವನ್ನು ಸುರಿದು, ಮಸಿ ಮೆತ್ತಗಾಗುವವರೆಗೆ ಒಂದು ಲೋಟ ಕಾಫಿಯನ್ನು ನಿಶ್ಚಿಂತೆಯಿಂದ ಕುಡಿಯಬೇಕು. ಹಿತ್ತಾಳೆಯ ಬ್ರಷ್ಷನ್ನು ಆಡಿಸುವುದು, ಬಾಗಿದ ಕೊಕ್ಕೆಯಿಂದ ಮೀಟುವುದು, ಕದಡಿದ ಕರಿನೀರನ್ನು ಸಿರಿಂಜಿನಿಂದ ಹೀರಿ ತೆಗೆಯುವುದು, ಮತ್ತೆ ಸುರಿಯುವುದು: ಹೀಗೆ ಸಾಗಿರಲು, ವಾಲ್ವಿನ ಕಂಠದ ಬಳಿ ಬೂದುಬಣ್ಣದ ಲೋಹ ಉಗುರಿನಷ್ಟಗಲ ಹೊಳೆಯುವ ಕ್ಷಣವೊಂದು ಬರುತ್ತದೆ. ಅದಕ್ಕಾಗಿಯೇ ಸೊಂಟನೋವನ್ನು ಸಹಿಸಿರುವುದು.

ಕುಶಲ ವರ್ಕ್‌ಶಾಪುಗಳವರು ಅಕ್ರೋಟಿನ ಚಿಪ್ಪಿನ ರವೆಯನ್ನು ಗಾಳಿಯ ಒತ್ತಡದಿಂದ ಹೊಡೆದು ಇದೇ ಕಾರ್ಯವನ್ನು ಬೇಗ ಮುಗಿಸುತ್ತಾರೆ. ಚಿಪ್ಪು ಮಸಿಗಿಂತ ಗಡುಸು, ಲೋಹಕ್ಕಿಂತ ಮೃದು. ಕಣವೊಂದು ಒಳಗುಳಿದರೂ ಸುಟ್ಟು ಹೋಗುತ್ತದೆ. ಯುಕ್ತಿ ಶ್ಲಾಘ್ಯವೆಂಬುದನ್ನು ಒಪ್ಪುತ್ತೇನೆ, ಆದರೆ ಅಬ್ಬರವಿರುವೆಡೆ ಕಾಫಿಗೆ ಎಡೆಯಿಲ್ಲ.

ಟೊಯೋಟಾದವರಾದರೋ, ಸಿಲಿಂಡರಿಗೊಂದು, ಗಾಳಿಯ ಮಾರ್ಗಕ್ಕೊಂದು ಎಂದು ಎರಡೆರಡು ಇಂಜೆಕ್ಟರುಗಳನ್ನಿಟ್ಟು ವಾಲ್ವಿನ ಸ್ನಾನವನ್ನು ಮರಳಿ ಏರ್ಪಡಿಸಿದ್ದಾರೆ. ಅಂಥದೊಂದು ಕಾರನ್ನು ಕೊಳ್ಳುವುದು ಲೇಸೆಂದು ಮಗಳು ಆಗಾಗ ಸೂಚಿಸುತ್ತಾಳೆ, ನಾನಿನ್ನೂ ಒಪ್ಪಿಲ್ಲ.