ಗುಡೇಕೋಟೆಯ ಸೀಮೆಯ ಕರಿಗಂಬಳಿ

ಕೂಡ್ಲಿಗಿಯನ್ನು ಬಿಟ್ಟು ಪೂರ್ವಕ್ಕೆ ಸಾಗಿದಂತೆಲ್ಲ ನೆಲವು ಮೇಲಿನ ಮಣ್ಣನ್ನು ಕಳಚಿಕೊಂಡು ಬರಿಯ ಕಲ್ಲಾಗುತ್ತದೆ. ಹೇರಿಟ್ಟಂತಿರುವ ಹೆಬ್ಬಂಡೆಗಳ ನಡುವೆ, ಬಂಡೆ ಯಾವುದು ಗೋಡೆ ಯಾವುದು ಎಂದು ತಿಳಿಯದಂತೆ, ಪಾಳೆಯಗಾರರ ಗುಡೇಕೋಟೆ ನಿಂತಿದೆ. 1953ರಲ್ಲಿ ಬಳ್ಳಾರಿಯೊಡನೆ ಮೈಸೂರು ರಾಜ್ಯವನ್ನು ಸೇರಿದ ಈ ಸೀಮೆ 2021ರಿಂದ ವಿಜಯನಗರ ಜಿಲ್ಲೆಗೆ ಸಂದಿದೆ. ಇಲ್ಲಿಯ ಗುಡ್ಡಗಳು 2013ರಲ್ಲಿ ಕರಡಿಧಾಮವಾದವು. ಬಂದವರು ಕೋಟೆಯನ್ನು ಹತ್ತುತ್ತಾರೆ, ಕರಡಿಯನ್ನು ಅರಸುತ್ತಾರೆ. ದಾರಿಗೆ ಅಡ್ಡವಾಗುವ ಕುರಿಹಿಂಡಿನ ಮುಂದೆ ಮಾತ್ರ ಬೇಸರದಿಂದ ಕಾಯುತ್ತಾರೆ. ಆ ಬೇಸರ ನ್ಯಾಯವಲ್ಲ. ಮಳೆ ಕಡಮೆಯಾದ ಈ ನಾಡಿನಲ್ಲಿ ಎಷ್ಟೋ ಮನೆಗಳ ಒಲೆಯನ್ನು ಉರಿಸಿದ್ದು ಕುರಿಯೇ.

ಇಲ್ಲಿಂದ ದಕ್ಷಿಣಕ್ಕೆ ಚಳ್ಳಕೆರೆಯವರೆಗೂ ಹರಡಿರುವ ಕುರುಬರ ಊರುಗಳ ಹಳೆಯ ಕಸುಬು ಕಂಬಳಿ. ದೇವರ ಗದ್ದುಗೆಗೆ ಹಾಸುವುದೂ ಅದೇ, ಮಳೆಯಲ್ಲಿ ಕೊಪ್ಪೆ ಹಾಕುವುದೂ ಅದೇ. ಮಗ್ಗುಲ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ದೊರೆತ ಹೆಸರು ಅದಕ್ಕೆ ದೊರೆತಿಲ್ಲ. ಆದರೆ ನೇಯ್ಗೆಯ ಕಷ್ಟದಲ್ಲಿ ಅದು ರೇಷ್ಮೆಗಿಂತ ಕೀಳೇನಲ್ಲ.

ಪಟ್ಟಣದ ಗೃಹಿಣಿ ಕಡ್ಡಿಗಳಿಂದ ಉಣ್ಣೆಯ ಹೊದಿಕೆಯನ್ನು ಹೆಣೆಯುವಾಗ ಒಂದು ಕುಣಿಕೆ ತಪ್ಪಿದರೆ ಎಳೆಯನ್ನು ಎಳೆದರಾಯಿತು, ಹೆಣಿಗೆಯೆಲ್ಲ ಬಿಚ್ಚಿ ಮತ್ತೆ ಉಂಡೆಯಾಗುತ್ತದೆ. ಕಂಬಳಿಗೆ ಈ ಸೌಕರ್ಯವಿಲ್ಲ. ದಖನಿ ಕುರಿಯ ತುಪ್ಪಟ ಬಲು ಒರಟು. ಅದನ್ನು ಹಿಂಜಿ, ರಾಟೆಯಲ್ಲಿ ನೂಲುವವರು ಹೆಂಗಸರು. ಹುರಿ ಸಡಿಲವಾದರೆ ನೂಲು ಹರಿಯುತ್ತದೆ. ಮಿತಿಮೀರಿದರೆ ಸುರುಳಿಗೊಂಡು ಗಂಟಾಗುತ್ತದೆ. ಆದರೆ ರಾಟೆಯ ಮುಂದೆ ಈ ದೋಷ ಅಷ್ಟಾಗಿ ಕಾಣುವುದಿಲ್ಲ. ನೂಲನ್ನು ಬಯಲಿನಲ್ಲಿ ಹಾಸಾಗಿ ಬಿಗಿದು, ಹುಣಿಸೆಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಕುಂಚದಿಂದ ಸವರುವಾಗ ಅದು ಹೊರಬೀಳುತ್ತದೆ. ಗಂಜಿಯೂ ಒಂದು ಪರೀಕ್ಷೆಯೇ: ತೆಳುವಾದರೆ ನವಿರೆದ್ದ ಎಳೆಗಳು ಒಂದಕ್ಕೊಂದು ತೊಡರಿ ಹೊಕ್ಕಿಗೆ ದಾರಿ ಕೊಡುವುದಿಲ್ಲ, ಮಂದವಾದರೆ ಒಣಗಿ ಪೆಡಸಾಗಿ ಮುರಿಯುತ್ತವೆ. ಮೋಡ ಕವಿದರೆ ಅಂದಿನ ದುಡಿಮೆ ಕೆಟ್ಟಂತೆಯೇ ಸರಿ. ಮುಂದೆ ಕುಣಿಮಗ್ಗದಲ್ಲಿ ಕುಳಿತವನು ಹೊಕ್ಕಿನ ಎಳೆಯನ್ನು ಅತಿ ಬಿಗಿಯಾಗಿ ಎಳೆದನೋ, ಅಂಚು ಒಳಸರಿದು ಕಂಬಳಿಯ ಅಗಲ ತಗ್ಗುತ್ತದೆ. ಗೇಣಿನಷ್ಟು ನೇಯ್ದ ಮೇಲೆ ಅದನ್ನು ಕಂಡು ಫಲವೇನು? ಗಂಜಿ ಕುಡಿದು, ಬಡಿತ ತಿಂದು, ಒಂದರೊಳಗೊಂದು ಕೂಡಿಹೋದ ತುಪ್ಪಟ ಮತ್ತೆ ಒಳ್ಳೆಯ ನೂಲಾಗಲಾರದು. ಹರಿದ ಎಳೆಗೆ ಗಂಟಿಕ್ಕಬಹುದು, ಅಷ್ಟೆ.

ಹೀಗೆ ಒಬ್ಬರ ತಪ್ಪು ಇನ್ನೊಬ್ಬರ ಕೈಗೆ ಹೋದ ಮೇಲೆ ತಿಳಿಯುತ್ತದೆ. ಸೊಸೆ ನೂತದ್ದರ ಗುಣದೋಷ ಮಾವನ ಮಗ್ಗದಿಂದ ಮನೆಗೆ ವರದಿಯಾಗಬೇಕು. ಎಷ್ಟು ಮೃದುವಾದ ಮಾತಿನಲ್ಲಿ ಎಂಬುದು ಆಯಾ ಮನೆಯ ಪುಣ್ಯ!

ಆದರೂ ಕಲಿಯುವವರಿಗೆ ಈ ಕಸುಬಿನಲ್ಲಿ ಒಂದು ಎಡೆಯುಂಟು. ಹಾಸಿನ ಎಳೆತವನ್ನು ತಾಳಲಾರದ ಸಡಿಲ ನೂಲು ಹೊಕ್ಕಿಗೆ ಒದಗುತ್ತದೆ. ಎಳೆಯ ಹುಡುಗಿ ಅಂಕುಡೊಂಕಾಗಿ ನೂತದ್ದು ಕಸವಾಗದೆ, ಅಜ್ಜಿಯ ಗಟ್ಟಿ ಹಾಸಿನ ನಡುವೆ ಅಡಗಿ ಕಂಬಳಿಯೇ ಆಗುತ್ತದೆ.

ಈಗ ಮಾಂಸಕ್ಕಾಗಿ ಕುರಿ ಸಾಕುವುದೇ ಹೆಚ್ಚು. ಕತ್ತರಿಸುವ ಕೂಲಿಯೂ ಗಿಟ್ಟದೆಂದು ತುಪ್ಪಟವನ್ನು ಎಸೆಯುವವರಿದ್ದಾರೆ. ಪಾಣಿಪತ್ತಿನ ಗಿರಣಿಗಳ ಹಗುರ ಹೊದಿಕೆ ಸಂತೆಯಲ್ಲಿ ಅಗ್ಗವಾಗಿ ದೊರೆಯುತ್ತದೆ. ರಾಟೆಯ ಮುಂದೆ ಉಳಿದವರು ಬಹುಮಟ್ಟಿಗೆ ಮುದುಕಿಯರು. ಅವರ ನೂಲಿನಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಹೊಕ್ಕಿಗೆ ಸಲ್ಲುವ ಅಂಕುಡೊಂಕಿನ ನೂಲನ್ನು ತರುವ ಎಳೆಯ ಕೈಗಳೇ ಈಗ ಅಪರೂಪ.