ಉಡುಗೊರೆಯ ಲೆಕ್ಕ

ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ಅಮೆರಿಕದ ಅಂಗಡಿಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಣ್ಣನಿಗೊಂದು, ಅತ್ತೆಗೊಂದು, ಕಚೇರಿಯ ಗೆಳೆಯನಿಗೊಂದು ಎಂದು ಜನ ಪಟ್ಟಿ ಹಿಡಿದೇ ಹೊರಡುತ್ತಾರೆ. ಈ ಸಂಭ್ರಮವನ್ನು ತಕ್ಕಡಿಗೆ ಹಾಕಿದವರು ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅವರು ವಿಚಾರಿಸಿದರು: ನಿಮಗೆ ಬಂದ ಉಡುಗೊರೆಗೆ ಕೊಟ್ಟವರು ಎಷ್ಟು ತೆತ್ತಿರಬಹುದು? ನಿಮ್ಮ ಪಾಲಿಗೆ ಅದರ ಬೆಲೆಯೆಷ್ಟು? 1993ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ತೆತ್ತ ಹಣದಲ್ಲಿ ಶೇಕಡಾ 10ರಿಂದ ಮೂರನೆಯ ಒಂದು ಪಾಲಿನವರೆಗೆ ಪಡೆದವರ ಎಣಿಕೆಗೆ ಬಾರದೆ ಕರಗಿಹೋಗುತ್ತದೆ. ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ; ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರು ಕೊಟ್ಟದ್ದರಲ್ಲಿ ಹೆಚ್ಚು! ಹುಡುಗರ ಅಭಿರುಚಿ ಹಿರಿಯರಿಗೇನು ತಿಳಿದೀತು? ಅದಕ್ಕೇ ಇರಬೇಕು, ನಗದು ಕೊಟ್ಟುಬಿಡುವ ರೂಢಿಯೂ ಅವರಲ್ಲೇ ಹೆಚ್ಚಾಗಿ ಕಂಡುಬಂದಿತು. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆಸುವವರು ಈ ಜಾಣತನವನ್ನು ಎಂದೋ ಕಂಡುಕೊಂಡಿದ್ದಾರೆನ್ನಿ.

ಆದರೆ ಆ ಪ್ರಶ್ನೆಗೊಂದು ಷರತ್ತಿತ್ತು: ಉಡುಗೊರೆಯೊಡನೆ ಬೆರೆತ ಮಮತೆಯನ್ನು ಬದಿಗಿಟ್ಟು ಬೆಲೆ ಹೇಳಬೇಕು. ನನ್ನ ಸೋದರತ್ತೆ ತಮ್ಮ ಪಿಂಚಣಿಯಲ್ಲಿ ಉಳಿಸಿ ನನಗೊಂದು ಶಾಲು ತಂದಿದ್ದರು. ಬಣ್ಣ ನನಗೊಪ್ಪದು, ಹೊದ್ದದ್ದು ಎರಡೇ ಸಲ. ಈಗ ಅತ್ತೆ ಇಲ್ಲ. ಆ ಷರತ್ತಿನಂತೆ ಬೆಲೆಕಟ್ಟಿದರೆ ಶಾಲು ಕೊಂಡ ಬೆಲೆಯ ಅರ್ಧಕ್ಕೂ ಬಾಳದು. ಆದರೂ ಪ್ರತಿ ಚಳಿಗಾಲದಲ್ಲಿ ಅದನ್ನು ಪೆಟ್ಟಿಗೆಯಿಂದ ತೆಗೆದು, ಬಿಸಿಲಿಗೆ ಹಾಕಿ, ಮತ್ತೆ ಮಡಿಸಿಡುತ್ತೇನೆ.